ಚಮಚದ ತೂಕ: ಜೇನು, ಬೊಜ್ಜು ಮತ್ತು ಚೆನ್ನೈ

ಚೆನ್ನೈನಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರಿಗಾಗಿ ಕಾದು ನಿಲ್ಲುವ ಪುಟ್ಟದೊಂದು ಸಂತೆಯೇ ಇದೆ. ಮರೀನಾ ಇರಲಿ, ಬೆಸೆಂಟ್ ನಗರದ ಕಡಲತೀರ ಇರಲಿ, ಮೈಲಾಪುರದ ಪಾರ್ಕಿನ ಗೇಟು ಇರಲಿ, ಬಿಸಿಲು ಏರುವ ಮೊದಲೇ ಸ್ಟೀಲ್ ಡಬ್ಬಗಳ ಗಾಡಿ ಬಂದು ನಿಂತಿರುತ್ತದೆ. ಇಲ್ಲಿನವರು ಅರುಗಂಪುಲ್ ಎನ್ನುವ ಗರಿಕೆಯ ರಸ, ಬಾಳೆದಿಂಡಿನ ರಸ, ಬೂದುಗುಂಬಳದ ರಸ, ಪಕ್ಕದಲ್ಲಿ ಜೇನಿನಲ್ಲಿ ಮುಳುಗಿಸಿಟ್ಟ ನೆಲ್ಲಿಕಾಯಿಯ ಜಾಡಿ. ಒಂದೊಂದಕ್ಕೂ ಒಂದೊಂದು ರೋಗದ ಹೆಸರು ಅಂಟಿಕೊಂಡಿದೆ. ಬೊಜ್ಜಿನ ಪಾಲಿಗೆ ಬಂದಿರುವುದು ಮಾತ್ರ ಗಾಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ತಯಾರಾಗುತ್ತದೆ: ಬಿಸಿನೀರು, ಅರ್ಧ ಹೋಳು ನಿಂಬೆ, ಒಂದು ಚಮಚ ಜೇನು, ಬರಿ ಹೊಟ್ಟೆಗೆ. ಮಾಂಬಲಂನ ಅಯ್ಯರ್ ಮನೆಯಲ್ಲೂ ಇದೇ, ಅದೇ ಬೀದಿಯ ಉಡುಪಿ ಮೂಲದ ಕನ್ನಡಿಗರ ಮನೆಯಲ್ಲೂ ಇದೇ, ಬೆಂಗಳೂರಿನ ಬಸವನಗುಡಿಯಲ್ಲೂ ಇದೇ.

ಈ ಲೋಟದಿಂದ ತೂಕ ಇಳಿಯುತ್ತದೆಯೆ? ಜೇನು ಸಕ್ಕರೆಗಿಂತ ಒಳ್ಳೆಯದೆ? ಮಧುಮೇಹ ಇರುವವರು ತಿನ್ನಬಹುದೆ? ಈ ಮೂರು ಪ್ರಶ್ನೆಗಳನ್ನು ಚೆನ್ನೈನಲ್ಲಿ ಕುಳಿತು ಕೇಳುವುದಕ್ಕೆ ಒಂದು ಅರ್ಥವಿದೆ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯ ಚಿಕಿತ್ಸೆ ಬೇರೂರಿದ್ದು ಈ ಊರಿನಲ್ಲಿ. 1948ರಲ್ಲಿ ಡಾ. ಎಂ. ವಿಶ್ವನಾಥನ್ ಇಲ್ಲಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಮಧುಮೇಹಕ್ಕೆಂದೇ ಒಂದು ಕ್ಲಿನಿಕ್ ತೆರೆದರು, ಮುಂದೆ ರಾಯಪುರಂನಲ್ಲಿ ಅದಕ್ಕಾಗಿಯೇ ಆಸ್ಪತ್ರೆ ಕಟ್ಟಿದರು. ಅವರ ಮಗ ಡಾ. ವಿ. ಮೋಹನ್ ಅವರ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಶನ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೂಡಿ ದೇಶದ ಉದ್ದಗಲ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. 1,13,043 ಜನರನ್ನು ಪರೀಕ್ಷಿಸಿ ಹಾಕಿದ ಲೆಕ್ಕ ಅದು. ಅದರ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಹೊಟ್ಟೆಯ ಬೊಜ್ಜು ಇರುವವರು 35.1 ಕೋಟಿ, ಅಂದರೆ ವಯಸ್ಕರಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು. ಜೇನು ಕಲಸಿದ ನೀರು ಕುಡಿಯುತ್ತಿರುವುದು ಈ ಜನವೇ.

ಮೊದಲು ಅಡುಗೆಮನೆಯ ಲೆಕ್ಕ ನೋಡೋಣ. ತರಕಾರಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಈಗ ಅನೇಕರ ಮನೆಯಲ್ಲಿದೆ. ಅದರ ಮೇಲೆ ಬಟ್ಟಲಿಟ್ಟು, ಕಾಫಿಗೆ ಹಾಕುವ ಚಮಚದಲ್ಲಿ ಸಮಮಟ್ಟಕ್ಕೆ ಒಂದು ಚಮಚ ಸಕ್ಕರೆ ಸುರಿಯಿರಿ: ಸುಮಾರು 4 ಗ್ರಾಂ ತೋರಿಸುತ್ತದೆ. ಬಟ್ಟಲು ಬರಿದು ಮಾಡಿ ಅದೇ ಚಮಚದಲ್ಲಿ ಜೇನು ಹಾಕಿ: 7 ಗ್ರಾಂ. ಸಕ್ಕರೆ ಹರಳು ಹರಳಾಗಿರುವುದರಿಂದ ನಡುವೆ ಗಾಳಿ ಇರುತ್ತದೆ. ಜೇನು ಸಂದಿಲ್ಲದೆ ತುಂಬಿಕೊಳ್ಳುತ್ತದೆ. ನೂರು ಗ್ರಾಂ ಸಕ್ಕರೆಗೆ 387 ಕ್ಯಾಲೊರಿ, ನೂರು ಗ್ರಾಂ ಜೇನಿಗೆ 304. ಈ ಎರಡು ಸಂಖ್ಯೆಗಳನ್ನಷ್ಟೇ ಓದಿದವರು ‘ಜೇನಿನಲ್ಲಿ ಕ್ಯಾಲೊರಿ ಕಡಿಮೆ’ ಎಂದು ಸಾರುತ್ತಾರೆ. ಆದರೆ ಯಾರೂ ಜೇನನ್ನು ತೂಗಿ ತಿನ್ನುವುದಿಲ್ಲ, ಚಮಚದಲ್ಲಿ ಅಳೆದು ತಿನ್ನುತ್ತಾರೆ. ಚಮಚದ ಲೆಕ್ಕದಲ್ಲಿ ಸಕ್ಕರೆಗೆ ಸುಮಾರು 16 ಕ್ಯಾಲೊರಿ, ಜೇನಿಗೆ 21. ಬೆಳಗಿನ ಲೋಟಕ್ಕೆ ಬೀಳುವುದು ಕಾಫಿ ಚಮಚವೂ ಅಲ್ಲ, ಬಹುಪಾಲು ಮನೆಗಳಲ್ಲಿ ಅದು ಊಟದ ಚಮಚ: 21 ಗ್ರಾಂ, 64 ಕ್ಯಾಲೊರಿ. ‘ಒಳ್ಳೆಯದಲ್ಲವೇ’ ಎಂದು ಎರಡು ಚಮಚ ಹಾಕಿಕೊಂಡರೆ 128. ಸಾಧಾರಣ ಮೈಕಟ್ಟಿನವರು ಅರ್ಧ ಗಂಟೆ ಬಿರುಸಾಗಿ ನಡೆದು ಕರಗಿಸುವುದು ಹೆಚ್ಚೂಕಡಿಮೆ ಅಷ್ಟೇ. ಮರೀನಾದಲ್ಲಿ ಬೆವರು ಸುರಿಸಿ ಕಳೆದದ್ದನ್ನು ಮನೆಗೆ ಬಂದು ಬಾಗಿಲು ಹಾಕುವ ಮೊದಲೇ ತುಂಬಿಕೊಂಡ ಹಾಗಾಯಿತು.

ಜೇನಿನಲ್ಲಿ ಇರುವುದಾದರೂ ಏನು? ನೂರು ಗ್ರಾಂನಲ್ಲಿ 17 ಗ್ರಾಂ ನೀರು, ಉಳಿದದ್ದು ಹೆಚ್ಚಿನಂಶ ಸಕ್ಕರೆಗಳೇ: ಫ್ರಕ್ಟೋಸ್ 38ರ ಆಸುಪಾಸು, ಗ್ಲೂಕೋಸ್ 31ರ ಆಸುಪಾಸು. ಕೊನೆಗೆ ಉಳಿಯುವ ಚೂರುಪಾರಿನಲ್ಲಿ ಕಿಣ್ವಗಳು, ಪರಾಗ, ಹೂವಿನಿಂದ ಬಂದ ಬಣ್ಣ-ವಾಸನೆಯ ಅಂಶಗಳು, ಪಾಲಿಫಿನಾಲ್‌ಗಳು. ‘ಜೇನಿನಲ್ಲಿ ಕಬ್ಬಿಣ ಇದೆ, ಕ್ಯಾಲ್ಸಿಯಂ ಇದೆ’ ಎನ್ನುವ ಮಾತು ಸುಳ್ಳಲ್ಲ, ಆದರೆ ಪ್ರಮಾಣ ಕೇಳಿದರೆ ನಗು ಬರುತ್ತದೆ. ನೂರು ಗ್ರಾಂ ಜೇನಿನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಐಸಿಎಂಆರ್ ಭಾರತೀಯ ಹೆಂಗಸಿಗೆ ದಿನಕ್ಕೆ ಬೇಕೆನ್ನುವುದು 29 ಮಿಲಿಗ್ರಾಂ. ಕ್ಯಾಲ್ಸಿಯಂ ನೂರು ಗ್ರಾಂ ಜೇನಿಗೆ 6 ಮಿಲಿಗ್ರಾಂ, ಅಷ್ಟೇ ರಾಗಿಗೆ 340ಕ್ಕೂ ಮೇಲೆ. ಪೌಷ್ಟಿಕಾಂಶಕ್ಕಾಗಿ ಜೇನು ತಿನ್ನುತ್ತೇನೆ ಎನ್ನುವವರು ರಾಗಿ ಮುದ್ದೆ ಉಣ್ಣುವುದೇ ಲೇಸು.

ಹಾಗಾದರೆ ಜೇನಿನ ಪರವಾಗಿ ಹೇಳುವಂಥದ್ದು ಏನೂ ಇಲ್ಲವೆ? ಇದೆ, ಅದನ್ನು ಮುಚ್ಚಿಡಬಾರದು. ರಕ್ತದಲ್ಲಿ ಸಕ್ಕರೆ ಏರಿಸುವ ವೇಗವನ್ನು ಗ್ಲೈಸೀಮಿಕ್ ಇಂಡೆಕ್ಸ್ ಎಂದು ಅಳೆಯುತ್ತಾರೆ. ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ ನಾವು ತಿನ್ನುವ ಸಕ್ಕರೆಗೆ ಸುಮಾರು 65, ಜೇನಿಗೆ ಸರಾಸರಿ 60ರ ಹತ್ತಿರ. ಹೂವಿಗೆ ತಕ್ಕಂತೆ ಇದು ಬಹಳ ಏರಿಳಿಯುತ್ತದೆ, ಫ್ರಕ್ಟೋಸ್ ಹೆಚ್ಚಿರುವ ಜೇನು ನಿಧಾನ, ಗ್ಲೂಕೋಸ್ ಹೆಚ್ಚಿರುವುದು ಚುರುಕು. ಸಕ್ಕರೆಗಿಂತ ಕೂದಲೆಳೆಯಷ್ಟು ಮೇಲು ಎನ್ನಬಹುದೇ ಹೊರತು ಬೇರೆಯೇ ಜಾತಿಯ ವಸ್ತು ಎನ್ನಲಾಗದು.

ಜನರ ಮೇಲೆ ನಡೆದ ಪ್ರಯೋಗಗಳು ಹೇಳುವುದು ಇನ್ನೂ ಕುತೂಹಲದ್ದು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯಲ್ಲಿ 18 ಪ್ರಯೋಗಗಳ 1,105 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ದಿನಕ್ಕೆ ಸುಮಾರು 40 ಗ್ರಾಂ ಜೇನು, ಎಂಟು ವಾರ. ಖಾಲಿಹೊಟ್ಟೆಯ ಸಕ್ಕರೆ, ಕೆಟ್ಟ ಕೊಲೆಸ್ಟೆರಾಲ್, ಟ್ರೈಗ್ಲಿಸರೈಡ್ ಕೊಂಚ ಇಳಿದವು, ಒಳ್ಳೆಯ ಕೊಲೆಸ್ಟೆರಾಲ್ ಕೊಂಚ ಏರಿತು. ಒಂದೇ ಹೂವಿನ ಹಸಿ ಜೇನಿನಲ್ಲಿ ಈ ಗುಣ ಎದ್ದು ಕಂಡಿತು. ಪತ್ರಿಕೆಗಳು ‘ಜೇನು ಹೃದಯಕ್ಕೆ ಒಳ್ಳೆಯದು’ ಎಂದು ಬರೆದದ್ದು ಇದನ್ನು ನೋಡಿಯೇ. ಆದರೆ ಆ ಪ್ರಯೋಗಗಳಲ್ಲಿ ಇದ್ದವರು ಮೊದಲೇ ಹದವಾಗಿ ಉಣ್ಣುತ್ತಿದ್ದವರು, ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರದವರು. ಸಾಕ್ಷ್ಯದ ಬಲವೂ ಬಹುಪಾಲು ಕಡಿಮೆ ಎಂದು ಸಂಶೋಧಕರೇ ಬರೆದುಕೊಂಡಿದ್ದಾರೆ. ಅವರು ಪಟ್ಟಿ ಮಾಡಿದ ಲಾಭಗಳಲ್ಲಿ ತೂಕ ಇಳಿಯುವುದು ಸೇರಿಲ್ಲ.

ತೂಕದ ವಿಷಯಕ್ಕೇ ಬಂದರೆ ಇರಾನಿನ ಎರಡು ಪ್ರಯೋಗಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. 2008ರದ್ದರಲ್ಲಿ ತೂಕ ಹೆಚ್ಚಿದ್ದ 55 ಜನರಲ್ಲಿ ಕೆಲವರಿಗೆ ದಿನಕ್ಕೆ 70 ಗ್ರಾಂ ಜೇನು, ಉಳಿದವರಿಗೆ ಅಷ್ಟೇ ಸಕ್ಕರೆ, ತಿಂಗಳ ಕಾಲ. ಜೇನಿನವರ ತೂಕ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಇಳಿಯಿತು. ಎಂಬತ್ತು ಕಿಲೋ ತೂಗುವವರಿಗೆ ಒಂದು ಕಿಲೋ ಅಂದುಕೊಳ್ಳಿ. 2009ರದ್ದು ಮಧುಮೇಹ ಇದ್ದ 48 ಜನರ ಮೇಲೆ ಎಂಟು ವಾರ ನಡೆಯಿತು. ಅಲ್ಲೂ ಜೇನು ತಿಂದವರ ತೂಕ ಇಳಿಯಿತು, ಕೊಲೆಸ್ಟೆರಾಲ್ ಸುಧಾರಿಸಿತು. ಜಾಹೀರಾತಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಸಾಲಿನಲ್ಲಿ ಇರುವುದು ಇದು: ಅವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಅಳತೆ, ಏರಿತು. ತಕ್ಕಡಿ ಖುಷಿ ಕೊಟ್ಟಿತು, ರಕ್ತ ಕೊಡಲಿಲ್ಲ. ಇನ್ನು 2015ರಲ್ಲಿ ಅಮೆರಿಕದಲ್ಲಿ 55 ಜನರಿಗೆ ಸರದಿಯಂತೆ ಎರಡೆರಡು ವಾರ ಜೇನು, ಸಕ್ಕರೆ, ಮೆಕ್ಕೆಜೋಳದ ಸಿರಪ್ ಕೊಟ್ಟು ನೋಡಿದಾಗ ಮೂರಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಮೂರರಲ್ಲೂ ಟ್ರೈಗ್ಲಿಸರೈಡ್ ಏರಿತು. ಇವೆಲ್ಲ ಚಿಕ್ಕ ಪ್ರಯೋಗಗಳು, ಇವುಗಳನ್ನು ಹಿಡಿದು ಹೋರಾಡಬೇಕಿಲ್ಲ. ನನಗೆ ಮಾತ್ರ ಇವುಗಳಿಗಿಂತ ದೊಡ್ಡ ಸಾಕ್ಷಿಯಾಗಿ ಕಾಣುವುದು ಮಧುಮೇಹದ ವೈದ್ಯರೇ ರೋಗಿಗಳಿಗೆ ಹೇಳಿಕೊಡುವ ಒಂದು ಪಾಠ. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ದಿಢೀರನೆ ಕುಸಿದು ಕೈಕಾಲು ನಡುಗತೊಡಗಿದರೆ, ಗ್ಲೂಕೋಸ್ ಕೈಗೆ ಸಿಗದಿದ್ದರೆ, ಒಂದು ಊಟದ ಚಮಚ ಜೇನು ನುಂಗಿ ಎನ್ನುತ್ತಾರೆ. ಕುಸಿದ ಸಕ್ಕರೆಯನ್ನು ಕಾಲು ಗಂಟೆಯಲ್ಲಿ ಮೇಲೆತ್ತುವ ಪದಾರ್ಥ ಬೇರೆ ಹೊತ್ತಿನಲ್ಲಿ ಮಾತ್ರ ಸುಮ್ಮನೆ ಕೂರುತ್ತದೆಯೆ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಮಿತಿ ಹೇಳುವಾಗ ಜೇನಿಗೆ ರಿಯಾಯಿತಿ ಕೊಡಲಿಲ್ಲ. ಹಣ್ಣಿನೊಳಗೆ, ಹಾಲಿನೊಳಗೆ ತಾನಾಗಿ ಇರುವ ಸಕ್ಕರೆಯನ್ನು ಬಿಟ್ಟು, ನಾವು ಸೇರಿಸಿಕೊಳ್ಳುವ ಸಕ್ಕರೆ, ಬೆಲ್ಲ, ಸಿರಪ್ಪುಗಳ ಸಾಲಿನಲ್ಲೇ ಜೇನನ್ನೂ ಕೂರಿಸಿತು. ಎಲ್ಲ ಸೇರಿ ದಿನದ ಕ್ಯಾಲೊರಿಯ ನೂರಕ್ಕೆ ಹತ್ತು ಮೀರಬಾರದು, ಐದರೊಳಗೆ ಇದ್ದರೆ ಇನ್ನೂ ಒಳಿತು ಎಂದಿತು. ಐದು ಎಂದರೆ ದಿನಕ್ಕೆ ಸುಮಾರು 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದೇ 25 ಗ್ರಾಂ ಗೆರೆ ಎಳೆದಿದೆ. ಚೆನ್ನೈನವರ ದಿನಚರಿಯಲ್ಲಿ ಈ 25 ಗ್ರಾಂ ಎಷ್ಟು ಹೊತ್ತು ಬಾಳುತ್ತದೆ ಎಂದು ಲೆಕ್ಕ ಹಾಕಿ. ದಬರಾ-ಟಂಬ್ಲರಿನ ಫಿಲ್ಟರ್ ಕಾಫಿಗೆ ಎರಡು ಚಮಚದಂತೆ ಮೂರು ಕಾಫಿ: ಅಲ್ಲಿಗೇ 24 ಗ್ರಾಂ ಮುಗಿಯಿತು. (ಈ ಊರಿಗೆ ಹೋಟೆಲಿನ ಕಾಫಿ-ತಿಂಡಿಯ ಚಟ ಹತ್ತಿಸಿದವರಲ್ಲಿ ವುಡ್‌ಲ್ಯಾಂಡ್ಸ್‌ನ ಕೃಷ್ಣರಾಯರಂಥ ನಮ್ಮ ಉಡುಪಿ ಕಡೆಯವರ ಪಾಲು ದೊಡ್ಡದು, ಆದ್ದರಿಂದ ನಾನು ಹೆಚ್ಚು ಮಾತಾಡುವಂತಿಲ್ಲ.) ಅದರ ಮೇಲೆ ಬೆಳಗಿನ ಜೇನು ಬಂದು ಕೂತರೆ ಅದು ಸಕ್ಕರೆಯ ಬದಲಿಗೆ ಬಂದದ್ದಲ್ಲ, ಸಕ್ಕರೆಯ ಜೊತೆಗೆ ಬಂದದ್ದು. ತೂಕದ ಇಡೀ ವ್ಯಾಜ್ಯ ಇರುವುದು ಇಲ್ಲಿ. ಬದಲಿಗೆ ಬಂದ ಜೇನು ಕೊಂಚ ಲಾಭ ತಂದೀತು, ಜೊತೆಗೆ ಬಂದ ಜೇನು ಬರೀ ನಷ್ಟ.

‘ನಾನು ಬೆಳಗ್ಗೆ ಜೇನುನೀರು ಕುಡಿದೇ ನಾಲ್ಕು ಕಿಲೋ ಇಳಿದೆ’ ಎನ್ನುವವರು ನಿಮಗೂ ಸಿಕ್ಕಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬಿಡಿಸಿ ಕೇಳಿದರೆ ಒಂದೊಂದೇ ಹೊರಬೀಳುತ್ತದೆ: ಜೇನುನೀರು ಶುರು ಮಾಡಿದ ದಿನವೇ ವಾಕಿಂಗ್ ಶುರುವಾಯಿತು, ಬೆಳಗಿನ ಸಕ್ಕರೆ ಕಾಫಿ ತಪ್ಪಿತು, ಸಂಜೆಯ ಬಜ್ಜಿ ನಿಂತಿತು, ರಾತ್ರಿ ಅನ್ನ ಅರ್ಧವಾಯಿತು. ವ್ರತ ಹಿಡಿದವರಿಗೆ ಒಂದು ಕಂಕಣ ಬೇಕು, ಜೇನು ಆ ಕಂಕಣ. ಅಷ್ಟರ ಮಟ್ಟಿಗೆ ಅದು ಕೆಲಸ ಮಾಡಿದೆ ಎಂದು ಒಪ್ಪೋಣ. ಆದರೆ ಕೊಬ್ಬು ಕರಗಿಸುವ ಶಕ್ತಿ ಜೇನಿಗೂ ಇಲ್ಲ, ನಿಂಬೆಗೂ ಇಲ್ಲ, ಎರಡೂ ಸೇರಿದರೂ ಹುಟ್ಟುವುದಿಲ್ಲ.

ಇಲ್ಲಿ ಒಬ್ಬರಲ್ಲ ಒಬ್ಬರು ಆಯುರ್ವೇದವನ್ನು ಎತ್ತುತ್ತಾರೆ. ಎತ್ತಬೇಕಾದ್ದೇ. ಜೇನು ಬೊಜ್ಜು ಕರಗಿಸುತ್ತದೆ ಎಂಬ ಮಾತು ನಿನ್ನೆ ಮೊನ್ನೆಯ ವಾಟ್ಸಾಪಿನದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲರ ಚಿಕಿತ್ಸೆಯನ್ನು ಹೇಳುವಾಗ ತ್ರಿಫಲ, ಅಮೃತಬಳ್ಳಿ, ಕೊನ್ನಾರಿಗಳ ಜೊತೆ ಜೇನನ್ನೂ ಹೆಸರಿಸುತ್ತದೆ. ಸುಶ್ರುತ ಇನ್ನೂ ನಿಖರ: ಹೊಸ ಜೇನು ಮೈ ತುಂಬಿಸುತ್ತದೆ, ಹಳೆಯ ಜೇನು ಮೇದಸ್ಸನ್ನು ಕೆರೆಯುತ್ತದೆ ಎನ್ನುತ್ತಾನೆ. ಅಂಗಡಿಯಿಂದ ತಂದ ಬಾಟಲಿ ಹೊಸದೋ ಹಳೆಯದೋ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಇವೇ ಗ್ರಂಥಗಳು ಜೇನನ್ನು ಕಾಯಿಸಬಾರದು, ಬಿಸಿ ಪದಾರ್ಥದೊಡನೆ ಸೇವಿಸಬಾರದು ಎಂದು ಕಟ್ಟುನಿಟ್ಟಾಗಿ ಹೇಳುತ್ತವೆ. ಕುದಿಯುವ ನೀರಿಗೆ ಜೇನು ಸುರಿದು ‘ಆಯುರ್ವೇದದಲ್ಲಿ ಹೇಳಿದೆ’ ಎನ್ನುವವರು ಅರ್ಧ ಶ್ಲೋಕ ಓದಿ ಪುಸ್ತಕ ಮುಚ್ಚಿದವರು. ಚರಕನ ಅದೇ ಅಧ್ಯಾಯದಲ್ಲಿ ಸ್ಥೂಲರಿಗೆ ಇನ್ನೊಂದು ಸಲಹೆಯೂ ಇದೆ: ನಿದ್ದೆ ಕಡಿಮೆ ಮಾಡು, ವ್ಯಾಯಾಮವನ್ನು ಮೆಲ್ಲಮೆಲ್ಲನೆ ಹೆಚ್ಚಿಸು, ತಲೆಗೆ ಕೆಲಸ ಕೊಡು. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬಿಸಿ ಮಾಡಿದರೆ ಜೇನು ವಿಷವಾಗುತ್ತದೆಯೆ ಎಂದರೆ, ಇಂದಿನ ವಿಜ್ಞಾನ ಅಷ್ಟು ದೂರ ಹೋಗುವುದಿಲ್ಲ. ಕಾಯಿಸಿದಾಗ ಎಚ್‌ಎಂಎಫ್ ಎಂಬ ರಾಸಾಯನಿಕ ಹೆಚ್ಚುವುದು ನಿಜ, ಕಿಲೋ ಜೇನಿನಲ್ಲಿ ಅದು 80 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ಆದರೆ ಹುರಿದ ಕಾಫಿಬೀಜದಲ್ಲಿ ಅದೇ ಎಚ್‌ಎಂಎಫ್ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ, ಅದನ್ನು ನಾವು ದಿನಕ್ಕೆ ಮೂರು ಸಲ ಕುಡಿಯುತ್ತೇವೆ. ಬಿಸಿಯಿಂದ ಜೇನಿಗೆ ಆಗುವ ನಿಜವಾದ ನಷ್ಟ ಅದರ ಪರಿಮಳ ಮತ್ತು ಕಿಣ್ವಗಳದ್ದು.

ತಮಿಳುನಾಡಿನಲ್ಲಿ ಆಯುರ್ವೇದಕ್ಕಿಂತ ಹತ್ತಿರದ್ದು ಸಿದ್ಧವೈದ್ಯ. ತಾಂಬರಂನ ರಾಷ್ಟ್ರೀಯ ಸಿದ್ಧ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ಚೂರ್ಣದ ಪೊಟ್ಟಣ ಕೈಗಿಟ್ಟು ‘ಜೇನಿನಲ್ಲಿ ಕಲಸಿ ನೆಕ್ಕಿ’ ಎನ್ನುವುದು ಮಾಮೂಲು. ಆ ಪದ್ಧತಿಯಲ್ಲಿ ಜೇನು ಅನುಪಾನ, ಮದ್ದನ್ನು ಹೊತ್ತೊಯ್ಯುವ ವಾಹನ. ಕಹಿ ಪುಡಿ ಗಂಟಲಿಗೆ ಇಳಿಯಲು ಬೇಕಾದಷ್ಟು ಮಾತ್ರ. ಲೋಟಗಟ್ಟಲೆ ಜೇನುನೀರಿಗೂ ಅದಕ್ಕೂ ಸಂಬಂಧವಿಲ್ಲ. ಕೆಮ್ಮಿಗೆ ಜೇನು ಹಿತ ಎನ್ನುವುದನ್ನು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ ಒಪ್ಪಿದೆ, ಅಲ್ಲಿಗೆ ನಮ್ಮ ಅಜ್ಜಿಯರು ಗೆದ್ದರು. ಬೊಜ್ಜಿನ ವಿಷಯಕ್ಕೆ ಆ ಗೆಲುವನ್ನು ಎಳೆದು ತರಬಾರದು, ಅಷ್ಟೆ.

ಇಷ್ಟೆಲ್ಲ ಹೇಳಿದ್ದು ಬಾಟಲಿಯಲ್ಲಿ ಇರುವುದು ಜೇನೇ ಎಂದು ನಂಬಿಕೊಂಡು. ಆ ನಂಬಿಕೆ ಎಷ್ಟು ಗಟ್ಟಿ? 2020ರ ಡಿಸೆಂಬರಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ದೇಶದ 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಯ ಪ್ರಯೋಗಾಲಯಕ್ಕೆ ಕಳಿಸಿ ಎನ್‌ಎಂಆರ್ ಎಂಬ ಸೂಕ್ಷ್ಮ ಪರೀಕ್ಷೆಗೆ ಒಡ್ಡಿತು. ಹತ್ತು ಬ್ರ್ಯಾಂಡುಗಳು ಸೋತವು. ಕಂಪನಿಗಳು ಒಪ್ಪಲಿಲ್ಲ, ಭಾರತದ ನಿಯಮದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದೇವೆ ಎಂದವು. ವಿಚಿತ್ರವೆಂದರೆ ಎರಡು ಮಾತೂ ಒಟ್ಟಿಗೆ ನಿಜವಾಗಿರಲು ಸಾಧ್ಯ. ಹಿಂದೆ ಜೇನಿಗೆ ಬೆರೆಸುತ್ತಿದ್ದುದು ಕಬ್ಬಿನ ಅಥವಾ ಮೆಕ್ಕೆಜೋಳದ ಸಕ್ಕರೆ, ಅದನ್ನು ಕಂಡುಹಿಡಿಯುವ ಪರೀಕ್ಷೆ ಬಂತು. ಆಗ ಅಕ್ಕಿಯಿಂದ, ಬೀಟ್‌ರೂಟಿನ ಜಾತಿಯ ಗೆಡ್ಡೆಯಿಂದ ಮಾಡಿದ ಸಿರಪ್ಪುಗಳು ಬಂದವು. ಅದಕ್ಕೂ ಪರೀಕ್ಷೆ ಬಂತು. ಈಗ ಆ ಪರೀಕ್ಷೆಗಳನ್ನೇ ದಾಟುವಂತೆ ತಯಾರಿಸಿದ ಸಿರಪ್ಪುಗಳಿವೆ ಎನ್ನುವುದು ಸಿಎಸ್‌ಇಯ ಆರೋಪ. ಅಮೆರಿಕಕ್ಕೆ ರಫ್ತಾಗುವ ಜೇನಿಗೆ 2020ರ ಆಗಸ್ಟಿನಿಂದ ಎನ್‌ಎಂಆರ್ ಪರೀಕ್ಷೆ ಕಡ್ಡಾಯವಾಯಿತು, ನಮ್ಮ ಅಂಗಡಿಯ ಬಾಟಲಿಗೆ ಆಗಲಿಲ್ಲ. ತೂಕ ಇಳಿಸಲೆಂದು ಅಕ್ಕಿಯ ಸಿರಪ್ ಕುಡಿಯುವುದು ಎಂದರೆ ಅನ್ನ ಬಿಟ್ಟು ಅನ್ನದ ಪಾಕ ಕುಡಿದಂತೆ.

ಬ್ರ್ಯಾಂಡು ಬೇಡ, ಕಣ್ಣೆದುರೇ ಹಿಂಡಿಸಿಕೊಳ್ಳುತ್ತೇನೆ ಎನ್ನುವವರಿಗೆ ಚೆನ್ನೈನ ಬೀದಿಯಲ್ಲಿ ಇನ್ನೊಂದು ನಾಟಕ ಕಾದಿದೆ. ಅಲ್ಯೂಮಿನಿಯಂ ಬೋಗುಣಿಯಲ್ಲಿ ಹೆಜ್ಜೇನಿನ ಎರಿ, ಅದರ ಮೇಲೆ ಸತ್ತ ನಾಲ್ಕು ಹುಳು, ಕೆಳಗೆ ಕಂದು ಬಣ್ಣದ ಪಾಕ. ‘ಮಲೈತ್ತೇನ್ (ಬೆಟ್ಟದ ಜೇನು) ಸಾರ್, ಒರಿಜಿನಲ್’ ಎಂದು ಎರಿಯನ್ನು ಹಿಂಡಿ ತೋರಿಸುತ್ತಾರೆ. ಎರಿ ನಿಜವಾದದ್ದೇ ಇರಬಹುದು, ಅದು ಮುಳುಗಿರುವ ಪಾಕಕ್ಕೆ ಬೆಲ್ಲದ ವಾಸನೆ. ಬೆಂಕಿಕಡ್ಡಿ ಅದ್ದಿ ಉರಿಸುವುದು, ನೀರಿನ ಲೋಟಕ್ಕೆ ಹನಿ ಬಿಡುವುದು, ಇರುವೆ ಮುತ್ತುವುದೋ ಎಂದು ನೋಡುವುದು: ಈ ಮನೆಪರೀಕ್ಷೆಗಳಲ್ಲಿ ಒಂದೂ ನೆಚ್ಚುವಂಥದ್ದಲ್ಲ. ಗಟ್ಟಿ ಸಕ್ಕರೆಪಾಕವೂ ನೀರಿನಲ್ಲಿ ತಳ ಸೇರುತ್ತದೆ, ಅಪ್ಪಟ ಜೇನಿಗೂ ಇರುವೆ ಬರುತ್ತದೆ. ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದು ಎಸೆಯುವವರಿದ್ದಾರೆ. ಗ್ಲೂಕೋಸ್ ಹೆಚ್ಚಿರುವ ಒಳ್ಳೆಯ ಜೇನು ಹರಳುಗಟ್ಟಿಯೇ ತೀರುತ್ತದೆ. ತಮಿಳುನಾಡಿನ ಮಾರ್ತಾಂಡಂ, ಕೇರಳಗಳಿಂದ ಬರುವ ರಬ್ಬರ್ ತೋಟದ ಜೇನಂತೂ ಬೇಗ. ಇನ್ನೊಂದು ಕಡೆ, ಪಶ್ಚಿಮಘಟ್ಟದ ಕಾಡಿನ ಅಸಲಿ ಹೆಜ್ಜೇನಿನಲ್ಲಿ ನೀರಿನಂಶ ನೂರಕ್ಕೆ ಇಪ್ಪತ್ತನ್ನು ಮೀರುವುದುಂಟು, ನಿಯಮದ ಗೆರೆ ಇರುವುದು ಇಪ್ಪತ್ತಕ್ಕೆ. ಕಲಬೆರಕೆಯದು ಪಾಸು, ಕಾಡಿನದು ಫೇಲು ಎಂಬ ಸ್ಥಿತಿ.

ನಮ್ಮ ಕಡೆಯ ನೆನಪನ್ನೂ ಇಲ್ಲಿ ಸೇರಿಸಬೇಕು. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳ ಹಿತ್ತಿಲ ಪೆಟ್ಟಿಗೆಗಳಲ್ಲಿ ಸಾಕುತ್ತಿದ್ದ ತುಡುವೆ ಜೇನು 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ಸಿಕ್ಕಿ ನೆಲಕಚ್ಚಿತು. ಸಾವಿರಾರು ಪೆಟ್ಟಿಗೆಗಳು ಖಾಲಿಯಾದವು. ತುಡುವೆ ಮೆಲ್ಲನೆ ಚೇತರಿಸಿಕೊಂಡಿದೆ, ಆದರೆ ಅದು ಕೊಡುವ ಜೇನು ಪೆಟ್ಟಿಗೆಗೆ ವರ್ಷಕ್ಕೆ ಕೆಲವೇ ಕಿಲೋ. ಸೂಪರ್ ಮಾರ್ಕೆಟ್ಟಿನ ಅಟ್ಟಣಿಗೆಯಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ಕೂರುವ ಬಾಟಲಿಗೂ ಈ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ನೀಲಗಿರಿಯ ಕೋಟಗಿರಿಯಲ್ಲಿ ಕೀಸ್ಟೋನ್ ಫೌಂಡೇಶನ್ ಕುರುಂಬ, ಇರುಳ ಸಮುದಾಯದವರು ಬಂಡೆಯಿಂದ ಇಳಿಸುವ ಜೇನನ್ನು ಮೂವತ್ತು ವರ್ಷದಿಂದ ಮಾರುಕಟ್ಟೆಗೆ ತಲುಪಿಸುತ್ತಿದೆ. ಅಂಥ ಜೇನಿಗೆ ಬೆಲೆ ಹೆಚ್ಚು. ಹೆಚ್ಚಿರುವುದೇ ಸರಿ. ದುಬಾರಿ ಜೇನನ್ನು ಯಾರೂ ಲೋಟಗಟ್ಟಲೆ ನೀರಿಗೆ ಸುರಿಯುವುದಿಲ್ಲ.

‘ಜೇನು’ ಎಂದು ಬರೆದ ತಿಂಡಿಗಳ ಮಾತು ಬೇರೆಯೇ. ಚೆನ್ನೈನ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುವ ಕೆಂಪು ಗುಂಡು ತೇನ್ ಮಿಠಾಯಿ ಅಕ್ಕಿ-ಉದ್ದಿನ ಹಿಟ್ಟನ್ನು ಕರಿದು ಸಕ್ಕರೆಪಾಕಕ್ಕೆ ಹಾಕಿದ್ದು. ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕಿನಲ್ಲೂ ಹೆಚ್ಚಾಗಿ ಸಕ್ಕರೆಯ ಪಾಕ, ಮೇಲೆ ಜಾಮು. ಮಕ್ಕಳು ತಿನ್ನಲಿ, ಅದು ಆರೋಗ್ಯದ ತಿಂಡಿ ಎಂದು ಮಾತ್ರ ಯಾರೂ ತಿಳಿಯದಿರಲಿ. ಓಟ್ಸ್, ಗ್ರಾನೋಲಾ ಪೊಟ್ಟಣಗಳ ಮೇಲೆ ಸಕ್ಕರೆ ಸೇರಿಸಿಲ್ಲ, ಜೇನು ಮಾತ್ರ ಎಂದು ಬರೆದಿದ್ದರೆ ಹಿಂಬದಿ ತಿರುಗಿಸಿ ಒಟ್ಟು ಸಕ್ಕರೆ ಎಷ್ಟೆಂದು ಓದಬೇಕು. ಕರಿಪ್ಪಟ್ಟಿ ಎನ್ನುವ ತಾಳೆಬೆಲ್ಲ, ನಾಟ್ಟುಚ್ಚಕ್ಕರೈ ಎಂದು ಈ ಊರಿನವರು ಮೆಚ್ಚುವ ನಾಡಸಕ್ಕರೆಗೂ ಇದೇ ನ್ಯಾಯ.

ಮಧುಮೇಹವನ್ನು ದೂರವಿಡುವ ದಾರಿ ಯಾವುದು ಎಂದರೆ, ಅದಕ್ಕೂ ಚೆನ್ನೈ ಉತ್ತರ ಕೊಟ್ಟಿದೆ, ಆ ಉತ್ತರ ರುಚಿಯಾಗಿಲ್ಲ ಅಷ್ಟೆ. ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಕ್ಕರೆ ಬಿಡಿ, ನಯಗೊಳಿಸಿದ ಧಾನ್ಯ ಮತ್ತು ಎಣ್ಣೆ ಕಡಿಮೆ ಮಾಡಿ, ನಾರು ಹೆಚ್ಚಿರುವುದನ್ನು ತಿನ್ನಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ: ಹೇಳಿದ್ದು ಇಷ್ಟೇ. ಸುಮ್ಮನೆ ಬಿಟ್ಟವರಿಗೆ ಹೋಲಿಸಿದರೆ ಹೀಗೆ ನಡೆದುಕೊಂಡವರಲ್ಲಿ ಮಧುಮೇಹದ ಅಪಾಯ ನೂರಕ್ಕೆ 28.5ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆ ತಿಂದವರಲ್ಲಿ 26.4. ಮತ್ತೂ ಒಂದು ವಿಶೇಷ, ಈ ಲಾಭ ತೂಕದಲ್ಲಿ ದೊಡ್ಡ ಇಳಿಕೆ ಇಲ್ಲದೆಯೇ ಬಂತು. ತಕ್ಕಡಿಯ ಮುಳ್ಳನ್ನೇ ದಿಟ್ಟಿಸಿ ಎರಡು ವಾರಕ್ಕೆ ಕೈಚೆಲ್ಲುವವರು ಇದನ್ನು ಗಮನಿಸಬೇಕು. ಭಾರತೀಯರಿಗೆ ಅಪಾಯದ ಗೆರೆ ಸೊಂಟದಲ್ಲಿದೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ದರ್ಜಿಯ ಟೇಪು ತಕ್ಕಡಿಗಿಂತ ಹೆಚ್ಚು ನಿಜ ಹೇಳುತ್ತದೆ. ಇನ್ನು ಬಿಳಿ ಅನ್ನ. ಡಾ. ಮೋಹನ್ ಅವರ ಫೌಂಡೇಶನ್ನಿನ ಸಂಶೋಧಕರು ಪಾಲ್ಗೊಂಡ, 2020ರಲ್ಲಿ ಬಂದ 21 ದೇಶಗಳ ಅಧ್ಯಯನದಲ್ಲಿ ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಅನ್ನ ಉಣ್ಣುವವರಿಗೆ ಮಧುಮೇಹದ ಅಪಾಯ ಹೆಚ್ಚು ಕಂಡದ್ದು, ಅದರಲ್ಲೂ ದಕ್ಷಿಣ ಏಷ್ಯಾದಲ್ಲಿ. ಸಾಂಬಾರಿಗೊಮ್ಮೆ, ರಸಂಗೊಮ್ಮೆ, ಮೊಸರಿಗೊಮ್ಮೆ ಅನ್ನ ಬಡಿಸಿಕೊಳ್ಳುವ ನಾವು ಬೆಳಗಿನ ಒಂದು ಚಮಚದ ಬಗ್ಗೆ ವಾದಿಸುವುದು ಆನೆ ಬಿಟ್ಟು ಬಾಲ ಹಿಡಿದಂತೆ.

ವಾಕಿಂಗ್ ಮುಗಿಸಿದವರಿಗೆ ಇದೇ ಊರಿನ ಬೀದಿಯಲ್ಲಿ ಜೇನಿಗಿಂತ ಒಳ್ಳೆಯದು ಸಿಗುತ್ತದೆ. ಬೇಸಿಗೆಯಲ್ಲಿ ಮಡಕೆ ಇಟ್ಟುಕೊಂಡು ಮಾರುವ ಕಂಬಂಕೂಳ್, ಅಂದರೆ ಸಜ್ಜೆಯ ಅಂಬಲಿ. ಮಜ್ಜಿಗೆ, ಹೆಚ್ಚಿದ ಸಾಂಬಾರ ಈರುಳ್ಳಿ, ನಂಚಿಕೊಳ್ಳಲು ಬಾಳಕದ ಮೆಣಸಿನಕಾಯಿ. ಹೊಟ್ಟೆ ತುಂಬುತ್ತದೆ, ನಾರಿದೆ, ಸೇರಿಸಿದ ಸಕ್ಕರೆ ಇಲ್ಲ. ಕುಡಿಯುವ ಸಿಹಿ ಹಸಿವನ್ನು ತಣಿಸುವುದಿಲ್ಲ, ಹನ್ನೊಂದಕ್ಕೆ ಮತ್ತೆ ವಡೆಯ ಕಡೆಗೆ ಕೈ ಹೋಗುತ್ತದೆ. ಅಂಬಲಿ ಕುಡಿದವರಿಗೆ ಆ ತೊಂದರೆ ಕಡಿಮೆ.

ಒಂದು ಎಚ್ಚರಿಕೆಯನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನು ಬೇಡ. ತಮಿಳರ ಮನೆಗಳಲ್ಲೂ ನಮ್ಮ ಮನೆಗಳಲ್ಲೂ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಇದೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಕೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ಬಿಡುವ ವಿಷ ಸ್ನಾಯುಗಳನ್ನು, ಉಸಿರನ್ನು ಕಟ್ಟಿಹಾಕುತ್ತದೆ. ಅಪರೂಪವೇ, ಆದರೆ ಬಂದರೆ ಪ್ರಾಣಕ್ಕೆ ಸಂಚಕಾರ. ಅಪ್ಪಟ ಜೇನಾದರೂ, ಮನೆಯದೇ ಪೆಟ್ಟಿಗೆಯದಾದರೂ ಈ ಮಾತಿಗೆ ವಿನಾಯಿತಿಯಿಲ್ಲ. ಮೊದಲ ಗಂಟೆಯಲ್ಲಿ ತಾಯಿಯ ಹಾಲು ಸಾಕು.

ಉಳಿದವರಿಗೆ ನನ್ನ ತೀರ್ಪು ಇದು. ಮಧುಮೇಹ ಇರುವವರು ಜೇನನ್ನು ಸಕ್ಕರೆಯ ಲೆಕ್ಕಕ್ಕೇ ಬರೆದುಕೊಳ್ಳಿ, ವೈದ್ಯರಿಗೆ ಹೇಳಿಯೇ ತಿನ್ನಿ. ತೂಕ ಇಳಿಸಬೇಕೆನ್ನುವವರು ಬೆಳಗ್ಗೆ ಬರೀ ನೀರು ಕುಡಿಯಿರಿ, ನಿಂಬೆ ಬೇಕಾದರೆ ಹಿಂಡಿಕೊಳ್ಳಿ. ಜೇನಿನ ಆಸೆ ಇದ್ದರೆ ದಿನದ ಒಂದು ಕಾಫಿಯ ಸಕ್ಕರೆಯನ್ನು ಬಿಟ್ಟು, ಅದರ ಬದಲಿಗೆ ಒಂದು ಸಣ್ಣ ಚಮಚ ಜೇನನ್ನು ಮೊಸರಿನ ಮೇಲೋ ಬಾಳೆಹಣ್ಣಿನ ಮೇಲೋ ಹಾಕಿ ರುಚಿ ನೋಡಿ ತಿನ್ನಿ. ಕೊಳ್ಳುವಾಗ ಯಾವ ಊರಿನದು, ಯಾವ ಹೂವಿನದು, ಯಾರು ತೆಗೆದದ್ದು ಎಂದು ಕೇಳಿ, ಹೇಳಬಲ್ಲವರಿಂದ ಕೊಳ್ಳಿ.